ಗೊತ್ತಿಲ್ಲ ಎಂದ ಹಜರತ್ತರು

ನಮ್ಮ ಸೀಮೆಯವರ ಬಾಯಲ್ಲಿ ಬಾರದ ಮಾತು ಒಂದೇ ಒಂದು: ಗೊತ್ತಿಲ್ಲ. ನಾನು ಹುಟ್ಟಿ ಬೆಳೆದದ್ದು ಕುದೇರಿನಲ್ಲಿ. ಪರಸ್ಥಳದವರು ಯಾರದಾದರೂ ಮನೆ ಕೇಳಿಕೊಂಡು ಬಂದರೆ ಕಟ್ಟೆಯ ಮೇಲೆ ಕೂತವರೆಲ್ಲ ಒಟ್ಟಿಗೆ ಕೈಯೆತ್ತಿ ತೋರಿಸುತ್ತಿದ್ದರು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಗೊತ್ತಿಲ್ಲ ಎಂದರೆ ತಮ್ಮ ಮಾನ ಹೋಗುತ್ತದೆ. ತಪ್ಪು ದಾರಿ ತೋರಿಸಿದರೆ ಸವೆಯುವುದು ಬಂದವನ ಚಪ್ಪಲಿ. ಮಳೆ ಯಾವತ್ತು ಬರುತ್ತದೆ, ಯಾರ ಹೊಟ್ಟೆಯಲ್ಲಿ ಗಂಡು, ಪಕ್ಕದ ಮನೆಯ ಸೊಸೆ ಯಾಕೆ ಅತ್ತಳು, ಎಲ್ಲವೂ ಅವರಿಗೆ ಗೊತ್ತಿತ್ತು.

ಇದು ಹಳ್ಳಿಯವರ ಕಾಯಿಲೆ ಎಂದುಕೊಂಡಿದ್ದೆ. ತೊಂಬತ್ತರ ದಶಕದಲ್ಲಿ ಚಾಮರಾಜನಗರದ ಸರ್ಕಾರಿ ಕಚೇರಿಯೊಂದರಲ್ಲಿ ಬೆರಳಚ್ಚುಗಾರ್ತಿಯಾದ ಮೇಲೆ ಆ ಭ್ರಮೆ ಹರಿಯಿತು. ಊರು ಇನ್ನೇನು ಜಿಲ್ಲೆಯಾಗುತ್ತದೆ ಎಂಬ ಮಾತು ಓಡಾಡುತ್ತಿದ್ದ ಕಾಲ. ಯಾವ ತಿಂಗಳಲ್ಲಿ ಆಗುತ್ತದೆ, ಯಾವ ಕಚೇರಿ ಯಾವ ಬೀದಿಗೆ ಬರುತ್ತದೆ ಎಂಬುದು ಕ್ಯಾಂಟೀನಿನಲ್ಲಿ ಟೀ ಸೋಸುವವನಿಗೂ ಗೊತ್ತಿತ್ತು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಉಳಿಯುವುದಿಲ್ಲ ಎಂಬುದಂತೂ ಜವಾನನಿಂದ ಸಾಹೇಬರವರೆಗೆ ಎಲ್ಲರೂ ಒಪ್ಪಿದ್ದ ವಿಜ್ಞಾನ. "ಕಾಲಿಡದೆ ಇದ್ದೋರ ಕುರ್ಚೀನೂ ಹೋಗಿದೆಯಲ್ಲ ಸಾರ್" ಎಂದು ನಾನೊಮ್ಮೆ ಕೇಳಿದೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ನೀವು ಟೈಪ್ ಮಾಡ್ರಮ್ಮ" ಎಂದರು.

ಹೀಗೆ ಎಲ್ಲ ಬಲ್ಲವರ ನಡುವೆ, ಗೊತ್ತಿಲ್ಲ ಎಂದು ಬಾಯಿ ತುಂಬ ಹೇಳುವ ಮನುಷ್ಯರೊಬ್ಬರನ್ನು ನಾನು ನೋಡಿದ್ದು ಗುಂಡ್ಲುಪೇಟೆಯಲ್ಲಿ. ಅಲ್ಲಿನ ಒಂದು ಸಣ್ಣ ಮಸೀದಿಯಲ್ಲಿ ನಮಾಜು ಮಾಡಿಸುತ್ತಿದ್ದ, ಬೆಳಗ್ಗೆ ಮಕ್ಕಳಿಗೆ ಅರಬ್ಬಿ ಓದಿಸುತ್ತಿದ್ದ ಹಜರತ್ತರು. ಹಾಗೆಂದಿದ್ದಕ್ಕೆ ನಮ್ಮ ಜನ ಅವರಿಗೆ ಕೊಟ್ಟ ಶಿಕ್ಷೆ ಏನೆಂದರೆ, ಅವರನ್ನು ತ್ರಿಕಾಲಜ್ಞಾನಿ ಮಾಡಿಬಿಟ್ಟರು.

ಅವರನ್ನು ಸಂತ ಎಂದು ಊಹಿಸಿಕೊಳ್ಳಬೇಡಿ. ಉಬ್ಬಸದ ಮೈ, ಮೂಗಿನ ತುದಿಯಲ್ಲಿ ಕೋಪ, ಬಸ್ ಸ್ಟ್ಯಾಂಡಿನ ಮೆಣಸಿನಕಾಯಿ ಬಜ್ಜಿ ಎಂದರೆ ಪ್ರಾಣ. ಬಜ್ಜಿ ತಿಂದು ಉಬ್ಬಸ ಹೆಚ್ಚಾಗಿ, ಉಬ್ಬಸಕ್ಕೆ ಕೋಪ ಹೆಚ್ಚಾಗಿ, ಆ ಕೋಪವನ್ನು ಎದುರಿಗೆ ಸಿಕ್ಕವರ ಮೇಲೆ ತೀರಿಸುತ್ತಿದ್ದರು. ಹೊತ್ತು ಮುಳುಗಿದ ಮೇಲಿನ ನಮಾಜು ಮುಗಿಯುವ ವೇಳೆಗೆ ಮಸೀದಿಯ ಬಾಗಿಲಲ್ಲಿ ನಮ್ಮ ಹಳ್ಳಿಗಳ ಹೆಂಗಸರು ಜ್ವರದ ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಸಾಲಾಗಿ ನಿಲ್ಲುವ ಪದ್ಧತಿ ಆಗಲೂ ಇತ್ತು, ಈಗಲೂ ಇದೆ. ಹೊರಗೆ ಬರುವವರು ಏನೋ ಓದಿಕೊಂಡು ಮಗುವಿನ ಮುಖಕ್ಕೆ ಉಫ್ ಎಂದು ಊದಿ ಹೋಗುತ್ತಾರೆ. ಹಜರತ್ತರೂ ಊದುತ್ತಿದ್ದರು. ಊದಿದ ಮೇಲೆ "ಡಾಕ್ಟರ್‌ಗೆ ತೋರಿಸಿದ್ರಾ? ಇಲ್ವಾ? ಮೊದ್ಲು ಹೋಗಿ!" ಎಂದು ಗದರಿ ಕಳಿಸುತ್ತಿದ್ದರು.

ನನ್ನ ತಂಗಿಯನ್ನು ಕೊಟ್ಟಿದ್ದು ಅದೇ ತಾಲ್ಲೂಕಿನ ಭೀಮನಬೀಡಿಗೆ. ಗಂಡ ಸೊಸೈಟಿಯಲ್ಲಿ ಅಟೆಂಡರ್. ಮಾತು ಕಡಿಮೆ, ಅವ್ವನ ಮುಂದೆ ಅದೂ ಇಲ್ಲ. ತಂಗಿಯ ಅತ್ತೆಗೆ ಒಂದು ಸೀಮೆಹಸು ಇತ್ತು. ಒಂದು ದಿನ ಅದು ಗೂಟ ಕಿತ್ತುಕೊಂಡು ಹೋಯಿತು. ಮೊಮ್ಮಗನಿಗೆ ಊದಿಸಲು ಹೋಗಿದ್ದ ಅತ್ತೆ ಹಾಗೇ ಹಜರತ್ತರನ್ನು ಕೇಳಿದಳು: "ಅಸ ಎಲ್ಲದೆ ಯೋಳಿ ಸಾಮಿ." ಹಜರತ್ತರಿಗೆ ಅವತ್ತು ಬಜ್ಜಿಯೂ ಉಬ್ಬಸವೂ ಎರಡೂ ಆಗಿದ್ದವು. "ನಂಗೇನಮ್ಮ ಗೊತ್ತು ನಿನ್ನ ಹಸು! ಎಲ್ಲಿ ಹಸಿರು ಇದೆಯೋ ಅಲ್ಲಿ ನೋಡು, ಯಾರದಾದ್ರೂ ಬಾಳೆ ತೋಟದಲ್ಲಿ ಇರುತ್ತೆ" ಎಂದು ರೇಗಿದರು. ಹಸು ಬಾಳೆ ತೋಟದಲ್ಲೇ ಸಿಕ್ಕಿತು.

ಹಸು ಬೇರೆಲ್ಲಿಗೆ ಹೋಗುತ್ತದೆ, ಸಿನಿಮಾ ಟೆಂಟಿಗೆ ಹೋಗುತ್ತದೆಯೇ ಎಂದು ನಾನು ಕೇಳಿದೆ. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಭೀಮನಬೀಡಿಗೆ ಭೀಮನಬೀಡೇ ಹಜರತ್ತರಿಗೆ ಕಾಣದ್ದೆಲ್ಲ ಕಾಣುತ್ತದೆ ಎಂದು ತೀರ್ಮಾನಿಸಿತು. ಸುದ್ದಿ ಪೇಟೆಗೂ ಹರಡಿ ಈರುಳ್ಳಿ ಮಂಡಿಯವರೆಗೆ ಹೋಯಿತು. ಮಂಡಿಯವರು ಇನ್ನೂ ಬುದ್ಧಿವಂತರು, ಬಾಯಿಬಿಟ್ಟು ಕೇಳುವ ಗೋಜಿಗೆ ಹೋಗಲಿಲ್ಲ. ಹಜರತ್ತರು ಈರುಳ್ಳಿ ಎಷ್ಟು ಕೊಳ್ಳುತ್ತಾರೆ ಎಂದು ನೋಡತೊಡಗಿದರು. ಒಮ್ಮೆ ಮನೆಗೆ ನೆಂಟರು ಬಂದಿದ್ದಕ್ಕೆ ಅವರು ಚೀಲ ತುಂಬ ಕೊಂಡುಹೋದರು. ಬೆಲೆ ಏರುವುದು ಖಂಡಿತ ಎಂದು ಮಂಡಿಯವರು ಮಾಲು ಹೊರಗೆ ಬಿಡದೆ ಕೂಡಿಟ್ಟರು. ಬೆಲೆ ಬಿತ್ತು, ಈರುಳ್ಳಿ ಮೊಳೆತು ಕೊಳೆಯಿತು. ಆಗಲಾದರೂ ಹಜರತ್ತರಿಗೆ ಗೊತ್ತಿರಲಿಲ್ಲ ಎಂದು ಒಪ್ಪಬೇಕಲ್ಲ? ಇಲ್ಲ. "ಗೊತ್ತಿತ್ತು ಕಣ್ಲಾ, ನಮ್ ದುರಾಸೆಗ ಬುದ್ಧಿ ಕಲಿಸ್ಬುಟ್ರು" ಎಂದುಕೊಂಡರು.

ಒಂದು ಸಲ ತಂಗಿಯ ಮಗುವಿಗೆ ಊದಿಸಲು ನಾನೂ ಜೊತೆಗೆ ಹೋಗಿದ್ದೆ. ಅತ್ತೆಯೂ ಬಂದಿದ್ದಳು. ಮಗುವಿನ ಹಣೆಯಲ್ಲಿ ಏನು ಬರೆದಿದೆ ಎಂದು ಅವಳು ಕೇಳಿದಾಗ ಹಜರತ್ತರು ಕೈಮುಗಿಯುವುದೊಂದು ಬಾಕಿ. "ಕಾಣದ್ದು ದೇವರೊಬ್ಬನಿಗೇ ಗೊತ್ತಮ್ಮ. ನಮ್ಮ ಪೈಗಂಬರ್ ಸಾಹೇಬರಿಗೇ ಅವನು ಎಷ್ಟು ತಿಳಿಸಿದನೋ ಅಷ್ಟು ಗೊತ್ತು. ನನಗೆ ಕಾಣದ್ದು ಗೊತ್ತಿಲ್ಲ ಅಂತ ಜನಕ್ಕೆ ಹೇಳು ಅಂತ ದೇವರೇ ಅವರಿಗೆ ಹೇಳಿಕೊಟ್ಟ. ಅವರಾದ ಮೇಲೆ ಆ ಬಾಗಿಲೇ ಮುಚ್ಚಿತು, ಇನ್ನು ಯಾರಿಗೂ ಮೇಲಿಂದ ಮಾತು ಬರೋದಿಲ್ಲ. ನಾನು ಯಾವ ಗಿಡದ ತಪ್ಪಲು?"

ಹಿಂತಿರುಗುವಾಗ ಅತ್ತೆ ದಾರಿಯುದ್ದಕ್ಕೂ ತಲೆದೂಗುತ್ತಿದ್ದಳು. "ನೋಡ್ದಾ ಕಣಮ್ಮಿ, ಎಂತಾ ದೊಡ್ ಮನ್ಸ! ಎಲ್ಲ ಗೊತ್ತಿದ್ರೂ ಗೊತ್ತಿಲ್ಲ ಅಂತಾರ. ಗೊತ್ತಿಲ್ದೆ ಇದ್ದೋರು ಯಾರಾರ ಹಂಗಂದಾರಾ?"

ಆ ತರ್ಕಕ್ಕೆ ನಾನು ನಕ್ಕುಬಿಟ್ಟೆ. ನಗುವ ವಿಷಯವಾಗಿ ಅದು ಹೆಚ್ಚು ದಿನ ಉಳಿಯಲಿಲ್ಲ.

ಚಾಮರಾಜನಗರದಲ್ಲಿ ತಂಗಿಯ ಗಂಡನ ಮನೆಯವರ ನೆಂಟರ ಮದುವೆ. ಭೀಮನಬೀಡಿನಿಂದ ಒಂದು ಮೆಟಡೋರ್ ಮಾಡಿಕೊಂಡು ಎಲ್ಲರೂ ಬಂದಿದ್ದರು. ಊಟ ಮುಗಿಸಿ ಹಿಂತಿರುಗುವಾಗ ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸಿದರು. ಗಂಡಸರು ಟೀಗೆ ಇಳಿದರು. ಹೆಂಗಸರು ಇಳಿದದ್ದು ಯಾತಕ್ಕೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ನನ್ನ ತಂಗಿ ಸ್ವಲ್ಪ ತಡಮಾಡಿದಳು. ಮಗು ಅಜ್ಜಿಯ ತೊಡೆಯಲ್ಲಿ ಮಲಗಿತ್ತು. ಹಿಂದೆ ಕೂತ ಹೆಂಗಸರು ಅವಳು ಮುಂದೆ ಗಂಡನ ಹತ್ತಿರ ಕೂತಿದ್ದಾಳೆ ಎಂದುಕೊಂಡರು. ಗಂಡ ಅವಳು ಹಿಂದೆ ಹೆಂಗಸರ ಜೊತೆ ಇದ್ದಾಳೆ ಎಂದುಕೊಂಡ. ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ತಿರುಗಿ ನೋಡಲಿಲ್ಲ. ಗಾಡಿ ಹೊರಟಿತು.

ಅವಳು ಬಂದು ನೋಡಿದರೆ ಗಾಡಿಯಿಲ್ಲ. ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು, ಕೈಯಲ್ಲಿ ಚೀಲವೂ ಇಲ್ಲ. ಟೀ ಅಂಗಡಿಯ ಹೆಂಗಸೇ ಕೇರಳದ ಕಡೆ ಹೊರಟಿದ್ದ ಒಬ್ಬ ಮಲಯಾಳಿ ಲಾರಿ ಡ್ರೈವರಿಗೆ ಹೇಳಿ ಹತ್ತಿಸಿದಳು. ದಿನಾ ಟೊಮ್ಯಾಟೊ, ಈರುಳ್ಳಿ ಹೊತ್ತು ಆ ದಾರಿಯಲ್ಲಿ ಓಡಾಡುವವನು. ಮೆಟಡೋರಿನವರು ಊರು ಮುಟ್ಟಿ, ಅವಳಿಲ್ಲ ಎಂದು ಕಂಡು, ತಪ್ಪು ಯಾರದೆಂದು ಜಗಳವಾಡುತ್ತಿರುವಾಗಲೇ ಹಿಂದಿನಿಂದ ಲಾರಿ ಬಂದು ನಿಂತಿತು. ಇನ್ನೂ ಹೊತ್ತು ಮುಳುಗಿರಲಿಲ್ಲ. ಮದುವೆಯ ರೇಷ್ಮೆ ಸೀರೆ ಉಟ್ಟ ನನ್ನ ತಂಗಿ ಲಾರಿಯ ಮುಂಭಾಗದಿಂದ ಇಳಿದದ್ದನ್ನು ಊರಿಗೆ ಊರೇ ನೋಡಿತು.

ಅವಳನ್ನು ಬಿಟ್ಟು ಬಂದವರು ಯಾರು ಎಂಬ ಪ್ರಶ್ನೆ ಕಷ್ಟದ್ದು. ಅವಳು ಯಾರ ಜೊತೆ ಬಂದಳು ಎಂಬುದು ಸುಲಭದ್ದು. ಊರು ಸುಲಭದ್ದನ್ನೇ ಹಿಡಿಯಿತು. ಬೆಳಗಾಗುವ ಹೊತ್ತಿಗೆ ಭೀಮನಬೀಡಿಗೆ ಎಲ್ಲ ಗೊತ್ತಾಗಿತ್ತು: ಅವನಿಗೂ ಇವಳಿಗೂ ಮೊದಲಿಂದ ಪರಿಚಯವಂತೆ, ಅವಳು ಬೇಕೆಂದೇ ಹಿಂದೆ ಉಳಿದಳಂತೆ, ಲಾರಿ ದಾರಿಯಲ್ಲಿ ಎಲ್ಲೋ ನಿಂತಿತ್ತಂತೆ. ಬೆಂಕಿ ಇಲ್ಲದೆ ಹೊಗೆಯಾಡುತ್ತದೆಯೇ ಎಂದರು ಕೆಲವರು. ಹೊಗೆ ಹಾಕಿದವರು ತಾವೇ ಎಂಬುದನ್ನು ಮರೆತರು. ಲಾರಿ ಹತ್ತಿಸಿದ ಟೀ ಅಂಗಡಿಯ ಹೆಂಗಸನ್ನು ಮಾತ್ರ ಯಾರೂ ಹೋಗಿ ಕೇಳಲಿಲ್ಲ. ಕಂಡವರನ್ನು ಕೇಳಿದರೆ ಕಥೆ ಅಲ್ಲಿಗೇ ಮುಗಿಯುತ್ತದಲ್ಲ, ಅದು ಯಾರಿಗೆ ಬೇಕು?

ಅತ್ತೆ ನನ್ನ ತಂಗಿಯನ್ನು ಕುದೇರಿಗೆ ಕಳಿಸಿದಳು. "ವಿಚಾರ ಆಗಗಂಟ ತವರ್‌ನಲ್ಲಿರ್ಲಿ" ಎಂದಳಂತೆ. ಎರಡು ವರ್ಷದ ಮಗುವನ್ನು ಮಾತ್ರ ಕೊಡಲಿಲ್ಲ. ಗಂಡ ಬಸ್ ಹತ್ತಿಸಿ, ಟಿಕೆಟ್ ತೆಗೆಸಿಕೊಟ್ಟು, ತಲೆ ತಗ್ಗಿಸಿಕೊಂಡು ಹೋದ. ನಾನು ಭಾನುವಾರ ಊರಿಗೆ ಹೋದಾಗ ನನ್ನ ತಂಗಿ ಹಿತ್ತಲಲ್ಲಿ ಕೂತು ಮಗುವಿನ ಒಂದು ಅಂಗಿಯನ್ನು ಮಡಚುತ್ತಿದ್ದಳು. ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದಳು. ಗಂಡನ ಮನೆ ಹಾಳಾಗಲಿ, ಮಗು ಸಿಕ್ಕರೆ ಸಾಕು ಎಂದು ನಾನು ಅಂದೆ. ಅವಳು ಹೇಳಿದ್ದು ಒಂದೇ ಮಾತು: "ಮಗೂನೂ ಬೇಕು ಅಕ್ಕ, ನನ್ ಮಾನ್ವೂ ಬೇಕು. ಒಂದ್ನ ಬುಟ್ಟು ಒಂದ್ನ ತಕಳಕ ನಾನೇನ್ ಕಳ್ಳಿಯಾ?"

ಆ ಕಡೆ ಭೀಮನಬೀಡಿನಲ್ಲಿ ವಿಚಾರಣೆ ಶುರುವಾಯಿತು. ಮನುಷ್ಯರನ್ನು ಕೇಳುವ ಪದ್ಧತಿ ಇಲ್ಲವಾದ್ದರಿಂದ ದೇವರನ್ನೇ ಕೇಳಿದರು. ಗುಡಿಯಲ್ಲಿ ಹೂ ಕೇಳುವುದು ನಮ್ಮಲ್ಲಿ ಎಲ್ಲರೂ ಬಲ್ಲ ಕ್ರಮ: ದೇವರ ಬಲಗಡೆಯಿಂದ ಹೂವು ಬಿದ್ದರೆ ಒಳ್ಳೆಯದು, ಎಡಗಡೆಯಿಂದ ಬಿದ್ದರೆ ಕೆಟ್ಟದ್ದು. ಎಷ್ಟು ಹೊತ್ತು ಕಾದರೂ ಯಾವುದೂ ಬೀಳಲಿಲ್ಲ. ಆಮೇಲೆ ಎರಡೂ ಕಡೆಯಿಂದ ಒಟ್ಟಿಗೆ ಬಿದ್ದವು. "ದೇವ್ರು ಇನ್ನೂ ಯೋಚ್ನ ಮಾಡ್ತಾ ಅವ್ನ" ಎಂದನಂತೆ ಪೂಜಾರಿ. ದೇವರಿಗೇ ಗೊಂದಲವಾದ ಮೇಲೆ ಉಳಿದವರು ಯಾರು? ಹಸು ಎಲ್ಲಿದೆ ಎಂದು ಹೇಳಿದವರು. ಹಜರತ್ತರು ಹೇಳಿದ್ದೇ ಕೊನೆ ಎಂದು ಊರಿನ ಯಜಮಾನರು ಗೊತ್ತುಮಾಡಿದರು. ಅವರು ಒಳ್ಳೆಯವಳು ಎಂದರೆ ಮನೆಗೆ ಬರಲಿ. ಇಲ್ಲದಿದ್ದರೆ ಮಗು ಅಜ್ಜಿಗೆ, ಅವಳು ತವರಿಗೆ.

ನಾನು ಅರ್ಧ ದಿನ ರಜೆ ಹಾಕಿ ತಂಗಿಯನ್ನು ಕರೆದುಕೊಂಡು ಗುಂಡ್ಲುಪೇಟೆಗೆ ಹೋದೆ. ಸಂಜೆ ಇಳಿಬಿಸಿಲು. ಮಸೀದಿಯ ಹೊರಗಿನ ಕಲ್ಲುಜಗಲಿಯ ಮುಂದೆ ಅತ್ತೆ, ಅವಳ ಸೊಂಟದಲ್ಲಿ ಮಗು, ಪಕ್ಕದಲ್ಲಿ ಗಂಡ, ಹಿಂದೆ ಊರಿನ ಯಜಮಾನರು ಮತ್ತು ಕೆಲಸವಿಲ್ಲದವರು. ಮಗು ಅವ್ವನನ್ನು ನೋಡಿ ಕೈಚಾಚಿತು. ಅತ್ತೆ ಅದನ್ನು ಆ ಕಡೆ ತಿರುಗಿಸಿಕೊಂಡಳು. ನನ್ನ ತಂಗಿಯ ಮುಖ ನೋಡಲಾರದೆ ನಾನೂ ಆ ಕಡೆ ತಿರುಗಿದೆ.

ಯಜಮಾನರಲ್ಲಿ ದೊಡ್ಡವರೊಬ್ಬರು ಸಂಗತಿಯನ್ನೆಲ್ಲ ಹೇಳಿ, "ಇವ್ಳು ಒಳ್ಳೇಳಾ ಕೆಟ್ಟೋಳಾ, ನಿಮ್ಗ ಕಾಣ್ತದ, ಯೋಳ್ಬುಡಿ ಸಾಮಿ" ಎಂದರು.

ಹಜರತ್ತರು ಒಂದು ಸಲ ಎಲ್ಲರನ್ನೂ ನೋಡಿದರು. "ನಂಗೆ ಗೊತ್ತಿಲ್ಲ" ಎಂದರು.

ಗುಂಪಿನಲ್ಲಿ ಗುಸುಗುಸು ಎದ್ದಿತು. ಯಾರೂ ಅವರ ಮಾತನ್ನು ಮಾತಾಗಿ ತೆಗೆದುಕೊಳ್ಳಲಿಲ್ಲ. ಹಸು ಗೊತ್ತಿದ್ದವರಿಗೆ ಹೆಂಗಸು ಗೊತ್ತಿಲ್ಲವೇ? "ಒಳ್ಳೇದಾಗಿದ್ರ ಯೋಳ್ದೆ ಇರ್ತಿದ್ರಾ? ಎಣ್ಣಿನ ಮಾನ ಕಳೀಬಾರ್ದು ಅಂತ ಮುಚ್ತಾವ್ರ ಕಣ್ಲಾ" ಎಂದ ಒಬ್ಬ. ಉಳಿದವರು ಹೂಂಗುಟ್ಟಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಮಗುವನ್ನು ಇನ್ನೂ ಬಿಗಿಯಾಗಿ ಹಿಡಿದಳು. ತೀರ್ಪು ಆಗಿಹೋಗಿತ್ತು.

ನನಗೆ ತಲೆ ಕೆಟ್ಟಿತು. ಜಗಲಿಯ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಕೇಳಿದೆ: "ಒಳ್ಳೆಯವಳು ಅಂತ ಒಂದು ಮಾತು ಹೇಳಿಬಿಡಿ ಹಜರತ್. ಗೊತ್ತು ಅನ್ನಿ. ಇವರು ನಂಬುತ್ತಾರೆ. ಈರುಳ್ಳಿಗೆ ನಂಬಿದವರು ಇದಕ್ಕೆ ನಂಬುವುದಿಲ್ಲವೇ? ಮಗು ತಾಯಿಗೆ ಸಿಗುತ್ತದೆ. ಒಂದು ಸುಳ್ಳಿನಿಂದ ನಿಮ್ಮ ದೇವರಿಗೇನು ನಷ್ಟ?"

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ, ಆಗಲಿಲ್ಲ. ಉಸಿರೆಳೆದುಕೊಂಡು, "ನಮ್ಮ ಪೈಗಂಬರ್ ಸಾಹೇಬರ ಮನೆಯಲ್ಲೇ ಇದು ನಡೆದಿದೆ, ಗೊತ್ತೇನಮ್ಮ?" ಎಂದರು. ಮೊದಲು ನನಗೆ ಹೇಳುತ್ತಿದ್ದವರು ಹೇಳುತ್ತ ಹೇಳುತ್ತ ದನಿ ಏರಿಸಿದರು. ಗುಂಪು ಹತ್ತಿರ ಬಂತು.

ಒಂದು ದಂಡಯಾತ್ರೆಯಿಂದ ಹಿಂತಿರುಗುವಾಗ ಪೈಗಂಬರರ ಹೆಂಡತಿ ಬೀಡಿನಿಂದ ಆಚೆ ಹೋಗಿದ್ದರಂತೆ. ಕೊರಳ ಸರ ಬಿದ್ದುಹೋಗಿ ಹುಡುಕಲು ನಿಂತರು. ಇತ್ತ ಆಳುಗಳು ಪರದೆ ಕಟ್ಟಿದ ಅಂಬಾರಿಯನ್ನು, ಒಳಗೆ ಅವರಿದ್ದಾರೆ ಎಂದುಕೊಂಡು, ಎತ್ತಿ ಒಂಟೆಯ ಮೇಲಿಟ್ಟು ಹೊರಟುಬಿಟ್ಟರು. ಹಿಂದೆ ಬರುತ್ತಿದ್ದ ಒಬ್ಬ ಸಿಪಾಯಿ ಒಂಟಿಯಾಗಿದ್ದ ಅವರನ್ನು ಕಂಡು, ತನ್ನ ಒಂಟೆಯ ಮೇಲೆ ಕೂರಿಸಿ, ತಾನು ಹಗ್ಗ ಹಿಡಿದು ನಡೆದುಕೊಂಡು ಕರೆತಂದ. ಊರು ಬಿಡುತ್ತದೆಯೇ?

"ಊರಿಗೆಲ್ಲ ಗೊತ್ತಿತ್ತು. ಬೀದಿಯಲ್ಲಿ ಹೋಗೋರಿಗೆಲ್ಲ ಗೊತ್ತಿತ್ತು" ಎಂದರು ಹಜರತ್ತರು. "ಗೊತ್ತಿಲ್ಲದೆ ಇದ್ದದ್ದು ಒಬ್ಬರಿಗೆ. ಯಾರಿಗೆ? ದೇವರ ಮಾತು ಯಾರಿಗೆ ಬರುತ್ತಿತ್ತೋ ಅವರಿಗೆ! ಆ ತಾಯಿ ತವರಿಗೆ ಹೋಗಿ ಕೂತು ಅತ್ತರು. ಒಂದು ತಿಂಗಳ ಹತ್ತಿರ ಮೇಲಿಂದ ಒಂದು ಮಾತು ಬರಲಿಲ್ಲ. ಪೈಗಂಬರ್ ಅಂದ್ರೆ ಪೈಗಾಮ್, ಅಂದ್ರೆ ಸಂದೇಶ, ತರೋರು. ಹೋಲಿಸಬಾರದು, ಆದ್ರೂ ನಿಮಗೆ ತಿಳೀಲಿ ಅಂತ ಹೇಳ್ತೀನಿ: ಪೋಸ್ಟ್‌ಮ್ಯಾನು ಕಾಗದ ಬಂದ ದಿವಸ ತರ್ತಾನೆ. ಬರದೆ ಇದ್ದ ದಿವಸ ತಾನೇ ಕೂತು ಬರೆದು ತರ್ತಾನಾ? ಸುಳ್ಳು ಹೇಳೋ ಹಾಗಿದ್ದಿದ್ರೆ ಮೊದಲನೇ ದಿನಾನೇ ಹೇಳಿ ಮುಗಿಸ್ತಿದ್ರು. ತಮ್ಮ ಹೆಂಡತಿ, ತಮ್ಮ ಮಾನ, ತಮ್ಮ ಬಾಯಿ. ಹೇಳಲಿಲ್ಲ. ಕಾದರು. ಅವರೇ ಹೇಳದೆ ಇದ್ದದ್ದನ್ನ ಈ ಬಜ್ಜಿ ತಿನ್ನೋ ಮುದುಕ ಹೇಳಬೇಕೇನಮ್ಮ?"

ಕೊನೆಗೆ ದೇವರ ಮಾತು ಬಂತಂತೆ, ಆ ತಾಯಿ ತಪ್ಪಿಲ್ಲದವರು ಎಂದು. ಕಣ್ಣಾರೆ ಕಂಡ ನಾಲ್ಕು ಸಾಕ್ಷಿ ತಾರದೆ ಹೆಣ್ಣಿನ ಶೀಲದ ಮೇಲೆ ಮಾತಾಡಿದವರಿಗೆ ಎಂಬತ್ತು ಏಟು ಎಂದೂ ಬಂತಂತೆ. ಇಷ್ಟು ಹೇಳಿ ಹಜರತ್ತರು ಎದ್ದು ನಿಂತು ಗುಂಪಿನ ಕಡೆ ತಿರುಗಿದರು. "ನಿಮ್ಮಲ್ಲಿ ಯಾರು ನೋಡಿದೋರು? ಲಾರಿ ನಿಂತದ್ದು ಯಾರು ನೋಡಿದ್ರಿ? ಮುಂದೆ ಬನ್ನಿ."

ಯಾರೂ ಮುಂದೆ ಬರಲಿಲ್ಲ. ಯಜಮಾನರಿಗೆ ಇವನು ಹೇಳಿದ್ದ, ಇವನಿಗೆ ಅವನು ಹೇಳಿದ್ದ, ಅವನಿಗೆ ಯಾರು ಹೇಳಿದರೆಂದು ಅವನಿಗೇ ನೆನಪಿಲ್ಲ. "ಎಂಬತ್ತಾ?" ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

"ಹಾಗಾದ್ರೆ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ" ಎಂದರು ಹಜರತ್ತರು. "ಗೊತ್ತಿಲ್ಲದ ನಾನು ಬಾಯಿ ಮುಚ್ಕೊಂಡಿದ್ದೀನಿ. ನಿಮಗೇನು ರೋಗ?"

ಇಷ್ಟು ನ್ಯಾಯವಾದ ಮಾತನ್ನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಗುಂಪು ನಾಚಿ ತಲೆ ತಗ್ಗಿಸಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ನಮ್ಮವರ ಸಂಗತಿ ನನಗೆ ಚೆನ್ನಾಗಿ ಗೊತ್ತು. ಎಲ್ಲರೂ ಭಕ್ತಿಯಿಂದ ಕಥೆ ಕೇಳಿದರು, ಆಮೇಲೆ ಯಜಮಾನರು ಕೆಮ್ಮಿ, "ಅದ್ಸರಿ ಸಾಮಿ, ಈಗ ಇವ್ಳದು ಯೋಳಿ" ಎಂದರು.

ಹಜರತ್ತರು ಹಣೆ ಚಚ್ಚಿಕೊಂಡರು. ಅಷ್ಟರಲ್ಲಿ ಮಗು ಅಳಲು ಶುರುಮಾಡಿತು. ಅವ್ವನನ್ನು ಇಷ್ಟು ಹತ್ತಿರ ಕಂಡೂ ಮುಟ್ಟಲಾಗದೆ ಅದರ ಸಹನೆ ಮುಗಿದಿತ್ತು. ಅತ್ತೆ ತಟ್ಟಿದಳು, ಕುಣಿಸಿದಳು, ಬೆಲ್ಲ ಕೊಟ್ಟಳು. ಅದು ಬೆಲ್ಲ ಉಗುಳಿ ಬೀದಿಗೆಲ್ಲ ಕೇಳುವಂತೆ ಕಿರುಚಿತು. ಹಜರತ್ತರಿಗೆ ಉಬ್ಬಸ ಕಿತ್ತುಕೊಂಡು ಬಂತು. "ಅಯ್ಯೋ ಅಲ್ಲಾ, ತಲೆ ಒಡೀತಿದೆ! ಮಗೂನ ಅದರವ್ವನಿಗೆ ಕೊಡ್ರೀ!" ಎಂದು ಕೂಗಿ, ಯಾರೂ ಅಲುಗಾಡದಿದ್ದುದನ್ನು ಕಂಡು, ತಾವೇ ಬಂದು ಅತ್ತೆಯ ಸೊಂಟದಿಂದ ಮಗುವನ್ನು ಎತ್ತಿ ನನ್ನ ತಂಗಿಯ ತೋಳಿಗೆ ಹಾಕಿದರು. ಮಗು ಅವ್ವನ ಕೊರಳಿಗೆ ಮುಖವೊತ್ತಿತು. ಅಳು ನಿಂತಿತು.

ಗುಂಪಿನಲ್ಲಿ ಯಾರೋ ಕೈಮುಗಿದರು. ಆಮೇಲೆ ಯಜಮಾನರು ಎರಡೂ ಕೈಯೆತ್ತಿ ಕೂಗಿದರು: "ಯೋಳ್ಬುಟ್ರು! ಕೈಯಾರ ತಕ್ಕೊಂಡು ಕೊಟ್ಬುಟ್ರು ಕಣ್ರಪ್ಪೋ! ಮಗ ನೋಡಿ, ಎಂಗ ಸುಮ್ಕಾಯ್ತು!"

ಹಸು ಬಾಳೆ ತೋಟಕ್ಕೆ ಹೋಯಿತು, ಮಗು ತಾಯಿಯ ತೋಳಲ್ಲಿ ಸುಮ್ಮನಾಯಿತು. ಎರಡನ್ನೂ ತಿಳಿಯಲು ನಮ್ಮವರಿಗೆ ಮೇಲಿನ ಲೋಕದ ಜ್ಞಾನ ಬೇಕಾಯಿತು. "ನಾನೇನೂ ಹೇಳಿಲ್ಲ! ಮಗು ಅಳ್ತಿತ್ತು, ಅಷ್ಟೇ!" ಎಂದು ಹಜರತ್ತರು ಕೂಗುತ್ತಿದ್ದರು. ಕೂಗಿದಷ್ಟೂ ಜನ ಅವರ ಕಾಲು ಹುಡುಕುತ್ತಿದ್ದರು. ದೇವರು, ಪೈಗಂಬರರು, ನಾಲ್ಕು ಸಾಕ್ಷಿ, ಯಾವುದೂ ಇವರ ತಲೆಗೆ ಹೋಗಿರಲಿಲ್ಲ. ನನಗೆ ನಗುವೂ ಬಂತು, ಎಲ್ಲರ ಕೆನ್ನೆಗೂ ಒಂದೊಂದು ಬಾರಿಸುವ ಹಾಗೂ ಆಯಿತು. ಆದರೆ ಮಗು ತಂಗಿಯ ತೋಳಲ್ಲಿತ್ತು. ಆ ಕ್ಷಣ 'ಹೌದಪ್ಪಾ, ಅವರೇ ಹೇಳಿದ್ದು' ಎಂದು ನಾನೂ ಕೈಮುಗಿಯಲು ಸಿದ್ಧಳಿದ್ದೆ.

ಅತ್ತೆ ಕಣ್ಣೀರು ಸುರಿಸಿಕೊಂಡು ಬಂದು ನನ್ನ ತಂಗಿಯ ಗಲ್ಲ ಸವರಿದಳು. "ಅಜ್ರತ್ತೇ ಯೋಳಾಯ್ತಲ್ಲ ಕಣಮ್ಮಿ, ಇನ್ನೇನು? ಮನಗ ಓಗನ ಬಾ."

ನನ್ನ ತಂಗಿ ಅವಳಿಗೆ ಉತ್ತರ ಕೊಡಲಿಲ್ಲ. ಹಜರತ್ತರ ಕಡೆ ತಿರುಗಿ, "ಆವಾಗ ಆ ತಾಯಿ ಏನಂದ್ರು ಸಾಮಿ? ತಪ್ಪಿಲ್ಲ ಅಂತ ಗೊತ್ತಾದ್ ಮ್ಯಾಕ?" ಎಂದು ಕೇಳಿದಳು. ಅಷ್ಟು ಹೊತ್ತಿನಲ್ಲಿ ಅವಳು ಬಾಯಿ ತೆಗೆದದ್ದು ಅದೇ ಮೊದಲು.

ಹಜರತ್ತರು ಅವಳ ಕಡೆ ತಿರುಗಿದರು. ಅವತ್ತು ಅವರ ಮುಖದಲ್ಲಿ ನಗು ಕಂಡದ್ದೂ ಅದೇ ಮೊದಲು. "ಅವರವ್ವ ಹೇಳಿದ್ರಂತೆ, ಏಳು, ಹೋಗಿ ನಿನ್ನ ಗಂಡನಿಗೆ ಶುಕ್ರ್ ಹೇಳು, ಉಪಕಾರ ನೆನೆ ಅಂತ. ಆ ತಾಯಿ ಏಳಲಿಲ್ಲ. ನಾನು ಎದ್ದು ಹೋಗಲ್ಲ, ದೇವರಿಗೆ ಬಿಟ್ಟು ಬೇರೆ ಯಾರಿಗೂ ಶುಕ್ರ್ ಹೇಳಲ್ಲ ಅಂದ್ರು."

ನನ್ನ ತಂಗಿ ತಲೆಯಾಡಿಸಿದಳು. ಆಮೇಲೆ ಅತ್ತೆಗೆ, "ನಾನು ಈಗ ಬರಾಕಿಲ್ಲ ಅತ್ತಮ್ಮ" ಎಂದಳು. "ಅಜ್ರತ್ತು ಗೊತ್ತಿಲ್ಲ ಅಂದವ್ರ. ಅವ್ರ ಮಾತ್ನ ನೀವ್ ಕೇಳ್ಳಿಲ್ಲ, ನಾನ್ ಕೇಳ್ದೆ." ಗಂಡನ ಮುಖವನ್ನು ನೇರವಾಗಿ ನೋಡಿ, "ನಿಮ್ ಬಾಯ್ನಿಂದ ಒಂದ್ ಮಾತು ಬಂದಿಲ್ಲ. ಬಂದಾಗ ಬನ್ನಿ" ಎಂದಳು. ಮಗುವನ್ನು ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಯಾರೂ ತಡೆಯಲಿಲ್ಲ. ಹಜರತ್ತರು ತಾವೇ ಕೊಟ್ಟ ಮಗುವನ್ನು ಕಿತ್ತುಕೊಳ್ಳುವ ಧೈರ್ಯ ಭೀಮನಬೀಡಿಗೆ ಇರಲಿಲ್ಲ. ನಾನು ಚಪ್ಪಲಿ ಹುಡುಕಿಕೊಂಡು ಅವಳ ಹಿಂದೆ ಓಡಿದೆ.

ಹಜರತ್ತರ ಬಾಗಿಲಲ್ಲಿ ಆಮೇಲೆ ಸಾಲು ಇನ್ನೂ ಉದ್ದವಾಯಿತಂತೆ. ಅವರು ದಿನವೂ ಗೊತ್ತಿಲ್ಲ ಎನ್ನುತ್ತಿದ್ದರು, ಜನ ದಿನವೂ ಅದಕ್ಕೊಂದು ಅರ್ಥ ಹಚ್ಚಿಕೊಂಡು ತೃಪ್ತರಾಗಿ ಮನೆಗೆ ಹೋಗುತ್ತಿದ್ದರು. ಒಂದು ಸುಳ್ಳು ಹೇಳಿ ಎಂದು ಅವತ್ತು ಕೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಅವರು ಹೇಳಲಿಲ್ಲವಲ್ಲ ಎಂಬ ಕೋಪವೂ ಬಹಳ ದಿನ ಇತ್ತು. ಆ ಕೋಪ ಇಳಿದದ್ದು ಕುದೇರಿನ ನಮ್ಮ ಮನೆಯಲ್ಲಿ, ಒಂದು ಭಾನುವಾರ.

ಸುಗ್ಗಿ ಮುಗಿದಿತ್ತು. ನಾನು ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ, ತಂಗಿ ಮಗುವಿಗೆ ತಲೆ ಬಾಚುತ್ತಿದ್ದಳು. ಅವಳ ಗಂಡ ಒಬ್ಬನೇ ಬಂದು ಬಾಗಿಲಲ್ಲಿ ನಿಂತ. ಜೊತೆಗೆ ಅವ್ವ ಇಲ್ಲ, ಯಜಮಾನರಿಲ್ಲ. ಕೈಯಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣವಿತ್ತು, ಬಸ್ಸಿನಲ್ಲಿ ಹಿಡಿದು ಹಿಡಿದು ಅದು ಪುಡಿಯಾಗಿತ್ತು.

ತಂಗಿ ಬಾಚಣಿಗೆ ನಿಲ್ಲಿಸಲಿಲ್ಲ. "ಏನ್ ಗೊತ್ತಾಯ್ತು ನಿಮ್ಗ, ಬಂದ್ಬುಟ್ರಿ? ಮತ್ತೊಂದ್ಸಲ ಹೂ ಕೇಳುದ್ರಾ?"

ಅವನು ಪೊಟ್ಟಣವನ್ನು ಕೈಯಿಂದ ಕೈಗೆ ಬದಲಿಸಿದ. ನಾನು ಎದ್ದು ಒಳಗೆ ಹೋಗಬೇಕೋ ಬೇಡವೋ ತಿಳಿಯದೆ ಅವರೆಕಾಯಿ ನೋಡುತ್ತ ಕೂತೆ. ಕೊನೆಗೆ ಅವನು ಹೊಸ್ತಿಲ ಕಡೆ ನೋಡಿಕೊಂಡು ಹೇಳಿದ:

"ನಂಗೇನೂ ಗೊತ್ತಿಲ್ಲ ಕಣಮ್ಮಿ. ನೀನು ಗಾಡೀಲಿಲ್ಲ ಅಂತ್ಲೂ ನಂಗ ಗೊತ್ತಾಗ್ನಿಲ್ಲ. ತಿರ್ಗಿ ನೋಡ್ಬೇಕಿತ್ತು, ನೋಡ್ನಿಲ್ಲ. ಅದೊಂದೇ ಗೊತ್ತಿರಾದು."

ಹಜರತ್ತರನ್ನು ಬಿಟ್ಟರೆ ನಮ್ಮ ಸೀಮೆಯ ಗಂಡಸಿನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ತಂಗಿ ಬಾಚಣಿಗೆಯನ್ನು ಮಗುವಿನ ಕೈಗೆ ಕೊಟ್ಟು ಎದ್ದಳು.

"ಕೈಕಾಲ್ ತೊಳ್ಕಳಿ" ಎಂದಳು. "ರಾಗಿ ಇಟ್ಟಿಗ ಎಸ್ರು ಇಡ್ತೀನಿ."